ಇಂಚು ಕೊನೆಗೆ ನೋಡಿ: ಮಾಡಿಫೈ ಮಾಡಿಸಿದ ಕಾರಿಗೆ ರಿಮ್ಮು, ಟೈರು ಆರಿಸುವ ಲೆಕ್ಕ

ದಾವಣಗೆರೆಯಲ್ಲಿ ಕಾರಿನ ಹುಚ್ಚು ಹಿಡಿಸಿಕೊಂಡ ಹುಡುಗರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ನನ್ ಸ್ವಿಫ್ಟಿಗೆ ಹದಿನೇಳಿಂಚು ಕೂರುತ್ತಾ?" ಕೂರುತ್ತೆ ಮಾರಾಯ. ಕೂರಿಸಲೇಬೇಕು ಅಂತ ಹಠ ಹಿಡಿದರೆ ಹದಿನೆಂಟೂ ಕೂರುತ್ತೆ. ಒಳಗಿನ ಪ್ಲಾಸ್ಟಿಕ್ ಕತ್ತರಿಸಿ, ಚಕ್ರದ ಮೇಲಿನ ತಗಡು, ಅಂದರೆ ಫೆಂಡರಿನ ಅಂಚು ಬಡಿದು ಮಡಚಿ, ಸ್ಟೇರಿಂಗ್ ಪೂರ್ತಿ ತಿರುಗಿಸಬೇಡ ಅಂತ ಬುದ್ಧಿ ಹೇಳಿ ಕಳಿಸುವವರು ಎಲ್ಲಾ ಊರಲ್ಲೂ ಇದ್ದಾರೆ. ಕೂತ ಮೇಲೆ ಕಾರು ಹೇಗೆ ಓಡುತ್ತದೆ, ಗುಂಡಿಗೆ ಬಿದ್ದಾಗ ಏನಾಗುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿದರೆ ಎಲ್ಲಿ ನಿಲ್ಲುತ್ತದೆ ಅನ್ನುವುದು ಮಾತ್ರ ಅಂಗಡಿಯ ಮಾತಲ್ಲಿ ಬರುವುದೇ ಇಲ್ಲ.

ನನ್ನ ಪ್ರಕಾರ ಇಂಚು ಕೊನೆಗೆ ಬರಬೇಕಾದ ವಿಷಯ. ಮೊದಲು ಟೈರಿನ ಒಟ್ಟು ಎತ್ತರ. ಆಮೇಲೆ ಅದು ಹೊರುವ ಭಾರ. ಆಮೇಲೆ ನೀವು ದಿನಾ ಓಡಿಸುವ ರಸ್ತೆಗೆ ಎಷ್ಟು ರಬ್ಬರ್ ಬೇಕು ಅನ್ನುವುದು. ಇಷ್ಟು ಗೊತ್ತಾದರೆ ರಿಮ್ಮಿನ ಇಂಚು ತಾನಾಗಿಯೇ ಸಿಗುತ್ತದೆ. ಉಲ್ಟಾ ಹೋದರೆ, ಅಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೆಂದದ ಅಲಾಯ್ ರಿಮ್ಮು ಕಂಡು ಮೊದಲು ಅದನ್ನು ಕೊಂಡು, ಆಮೇಲೆ ಅದಕ್ಕೆ ಟೈರು ಹುಡುಕಿ, ಆಮೇಲೆ ಕಾರನ್ನು ಅದಕ್ಕೆ ಹೊಂದಿಸಲು ಹೊರಟರೆ, ಖರ್ಚಿಗೆ ಕೊನೆ ಇರುವುದಿಲ್ಲ.

ಟೈರಿನ ಮಗ್ಗುಲಲ್ಲಿ ಏನಿದೆ

ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಮಗ್ಗುಲನ್ನು ಬಟ್ಟೆಯಿಂದ ಒರೆಸಿ. 2011ರ ನಂತರದ ಸ್ವಿಫ್ಟ್‌ನ ಕೆಳಗಿನ ಮಾಡೆಲ್ ಆಗಿದ್ದರೆ 165/80 ಆರ್14 85ಟಿ ಅಂತ ಬರೆದಿರುತ್ತದೆ. ಈ ಲೇಖನ ಪೂರ್ತಿ ಇದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ, ಯಾಕಂದರೆ ದಾವಣಗೆರೆಯ ಕೆಎ-17 ಇರಲಿ ಚಿತ್ರದುರ್ಗದ ಕೆಎ-16 ಇರಲಿ, ಮಾಡಿಫೈ ಮಾಡಿಸಿದ ಕಾರು ಅಂದ ತಕ್ಷಣ ಕಣ್ಣಿಗೆ ಬೀಳುವುದು ಸ್ವಿಫ್ಟೇ ಅಲ್ವಾ.

165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಇದು ರಸ್ತೆಗೆ ತಾಗುವ ಭಾಗದ ಅಗಲ ಅಲ್ಲ, ಗಾಳಿ ತುಂಬಿದ ಟೈರಿನ ಹೊಟ್ಟೆಯ ಅಗಲ. 80 ಅನ್ನುವುದು ಮಿಲಿಮೀಟರ್ ಅಲ್ಲ, ಶೇಕಡಾ. ಅಗಲದ ನೂರಕ್ಕೆ 80 ಭಾಗ ಎಷ್ಟಾಗುತ್ತದೋ ಅಷ್ಟು ಟೈರಿನ ಗೋಡೆಯ ಎತ್ತರ. ಸುಮಾರು ಜನ ಎಡವುವುದು ಇಲ್ಲೇ. 185/65 ಟೈರಿನ ಗೋಡೆಗೂ 205/65 ಟೈರಿನ ಗೋಡೆಗೂ ಒಂದೇ ಎತ್ತರ ಅಂದುಕೊಳ್ಳುತ್ತಾರೆ, ಎರಡರಲ್ಲೂ 65 ಇದೆಯಲ್ಲ ಅಂತ. ಅಗಲ ಹೆಚ್ಚಾದರೆ ಅದರ 65 ಭಾಗವೂ ಹೆಚ್ಚಾಗುತ್ತದೆ. ಆರ್ ಅಂದರೆ ರೇಡಿಯಲ್ ಟೈರು. 14 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 85 ಭಾರದ ನಂಬರು, ಟಿ ವೇಗದ ಗುರುತು. ಅವಕ್ಕೆ ಆಮೇಲೆ ಬರುತ್ತೇನೆ.

ಈಗ ಎತ್ತರದ ಲೆಕ್ಕ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. 165ರಲ್ಲಿ 80 ಭಾಗ ಅಂದರೆ 132 ಮಿ.ಮೀ. ಗೋಡೆ ಮೇಲೊಂದು ಕೆಳಗೊಂದು ಇರುವುದರಿಂದ ಎರಡರಿಂದ ಗುಣಿಸಿ, 264. ರಿಮ್ಮು 14 ಇಂಚು, ಇಂಚಿಗೆ 25.4 ಮಿ.ಮೀ., ಅಂದರೆ 355.6. ಎರಡನ್ನೂ ಕೂಡಿಸಿದರೆ 619.6 ಮಿ.ಮೀ. ಇದೇ ಕಂಪನಿ ನಿಮ್ಮ ಕಾರಿಗೆ ಕೊಟ್ಟ ಚಕ್ರದ ಒಟ್ಟು ಎತ್ತರ. ನೀವು ಎಷ್ಟಿಂಚಿನ ರಿಮ್ಮು ಹಾಕಿಸಿದರೂ ಈ ಸಂಖ್ಯೆಯ ಹತ್ತಿರವೇ ಇರಬೇಕು. ನೂರಕ್ಕೆ ಮೂರರ ಒಳಗಿದ್ದರೆ ಪರವಾಗಿಲ್ಲ ಅನ್ನುವುದು ರೂಢಿ. ನಾನಾದರೆ ಎರಡರ ಒಳಗಿರಲಿ ಅನ್ನುತ್ತೇನೆ.

ಅದೇ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ ಕಂಪನಿಯವರೇ 185/65 ಆರ್15 ಕೊಡುತ್ತಾರೆ. ಲೆಕ್ಕ ಹಾಕಿ ನೋಡಿ, 621.5 ಬರುತ್ತದೆ. ಒಂದಿಂಚು ದೊಡ್ಡ ರಿಮ್ಮು, 20 ಮಿ.ಮೀ. ಅಗಲ ಜಾಸ್ತಿ, ಆದರೂ ಒಟ್ಟು ಎತ್ತರದಲ್ಲಿ ಎರಡು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ. ಇನ್ನೂ ಒಂದಿಂಚು ಮೇಲೆ ಹೋಗಿ 195/55 ಆರ್16 ತಗೊಂಡರೆ 620.9. ಹದಿನೇಳಿಂಚಿನ 205/45 ತಗೊಂಡರೆ 616.3. ನೋಡಿ, ಹದಿನಾಲ್ಕರಿಂದ ಹದಿನೇಳರವರೆಗೂ ಎತ್ತರ ಕದಲಲೇ ಇಲ್ಲ. ರಿಮ್ಮು ಬೆಳೆದಷ್ಟೂ ರಬ್ಬರ್ ಗೋಡೆ ಕುಗ್ಗುತ್ತಾ ಬಂತು, ಅಷ್ಟೇ.

ಈಗ ತಪ್ಪು ಸೈಜ್ ಒಂದನ್ನೂ ನೋಡೋಣ. ಕಾರು ಸ್ವಲ್ಪ ಎತ್ತರ ಆಗಲಿ, ಹಂಪ್ಸಿಗೆ ತಾಗದಿರಲಿ ಅಂತ 205/65 ಆರ್15 ಹಾಕಿಸುವವರಿದ್ದಾರೆ. ಅದರ ಎತ್ತರ 647.5. ಮೂಲಕ್ಕಿಂತ ನೂರಕ್ಕೆ ನಾಲ್ಕೂವರೆ ಭಾಗ ಜಾಸ್ತಿ. ಲಾಭ ಏನು? ವ್ಯಾಸದಲ್ಲಿ ಹೆಚ್ಚಾದದ್ದು 28 ಮಿ.ಮೀ., ಕಾರಿನ ಹೊಟ್ಟೆ ಮೇಲೇರುವುದು ಅದರ ಅರ್ಧ, 14 ಮಿ.ಮೀ. ಹದಿನಾಲ್ಕು ಮಿ.ಮೀ.ಗೆ ತೆರುವ ಬೆಲೆ ಜಾಸ್ತಿಯೇ. ಮೀಟರು 100 ತೋರಿಸುವಾಗ ಮೊದಲಿಗಿಂತ ನಾಲ್ಕೂವರೆ ಕಿ.ಮೀ. ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತೀರಿ. ಕಿಲೋಮೀಟರು ಕಡಿಮೆ ದಾಖಲಾಗುತ್ತದೆ, ಹಾಗಾಗಿ ಮೈಲೇಜ್ ಲೆಕ್ಕವೂ ಸುಳ್ಳು. ಪ್ರತಿ ಗೇರೂ ಒಂದಿಷ್ಟು ಉದ್ದ ಆದ ಹಾಗೆ. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ನಾಲ್ಕು ಜನ ಕೂತಾಗ ಸೆಕೆಂಡ್ ಗೇರಲ್ಲಿ ಎಳೆಯುತ್ತಿದ್ದ ಕಾರು ಫಸ್ಟ್ ಕೇಳಲು ಶುರು ಮಾಡುತ್ತದೆ. ಬ್ರೇಕೂ ಅಷ್ಟೇ. ಚಕ್ರ ದೊಡ್ಡದಾದಷ್ಟೂ ಅದೇ ಬ್ರೇಕಿಗೆ ಅದನ್ನು ನಿಲ್ಲಿಸುವುದು ಕಷ್ಟ. ಇಷ್ಟೆಲ್ಲಾ ಆಗಿ ಕೊನೆಗೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಡೆ ಕರಕರ ಉಜ್ಜುವುದಂತೂ ಇದ್ದೇ ಇದೆ.

ರಬ್ಬರ್ ಗೋಡೆಯ ಲೆಕ್ಕ

ಇಲ್ಲಿ ನಮ್ಮ ಊರು ಬರುತ್ತದೆ.

ಮೇಲಿನ ನಾಲ್ಕು ಸೈಜ್‌ಗಳ ಗೋಡೆಯ ಎತ್ತರ ಮಾತ್ರ ತಗೊಳ್ಳಿ. ಹದಿನಾಲ್ಕಿಂಚಿಗೆ 132 ಮಿ.ಮೀ., ಹದಿನೈದಕ್ಕೆ 120, ಹದಿನಾರಕ್ಕೆ 107, ಹದಿನೇಳಕ್ಕೆ 92. ಹದಿನಾಲ್ಕರಿಂದ ಹದಿನೇಳಕ್ಕೆ ಹೋದವರು 40 ಮಿ.ಮೀ. ರಬ್ಬರ್ ಮತ್ತು ಗಾಳಿ ಕಳೆದುಕೊಂಡು ಅಷ್ಟು ಲೋಹ ಪಡೆದಿದ್ದಾರೆ. ಗುಂಡಿಯ ಅಂಚು ಚಕ್ರಕ್ಕೆ ಬಡಿದಾಗ ಮೊದಲು ಒಳಕ್ಕೆ ಬಗ್ಗಿ ಪೆಟ್ಟು ತಿನ್ನುವುದು ಈ ಗೋಡೆ. ಗೋಡೆ ಪೂರ್ತಿ ಬಗ್ಗಿ ಜಾಗ ಮುಗಿದರೆ ಗುಂಡಿಯ ಅಂಚಿಗೂ ರಿಮ್ಮಿನ ತುಟಿಗೂ ನಡುವೆ ರಬ್ಬರ್ ಸಿಕ್ಕಿಹಾಕಿಕೊಂಡು ಜಜ್ಜಿಹೋಗುತ್ತದೆ. ಒಳಗಿನ ದಾರಗಳು ತುಂಡಾಗುತ್ತವೆ. ಆಗ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ನೋಡಿದರೆ ಟೈರಿನ ಮಗ್ಗುಲಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಎದ್ದಿರುತ್ತದೆ. ಆ ಟೈರಿಗೆ ರಿಪೇರಿ ಇಲ್ಲ. ಪಂಕ್ಚರ್ ಅಂಗಡಿಯವನು ಏನೇ ಹೇಳಲಿ, ಉಬ್ಬು ಬಂದ ಟೈರನ್ನು ಹೈವೇಗೆ ಹತ್ತಿಸಬೇಡಿ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮಾತ್ರ ಓಡಾಡುವವರಿಗೆ ಹದಿನೇಳಿಂಚೂ ಸುಖವಾಗಿಯೇ ಅನ್ನಿಸಬಹುದು. ಹಾಗೆ ಹೈವೇ ಬಿಟ್ಟು ಇಳಿಯದೆ ಬದುಕುವವರು ಯಾರಿದ್ದಾರೆ? ಸರ್ವಿಸ್ ರಸ್ತೆಗೆ ಇಳಿಯಬೇಕು. ಊರೊಳಗೆ ಪೈಪಿಗೋ ಕೇಬಲ್ಲಿಗೋ ಅಗೆದು ಮುಚ್ಚಿದ ಪಟ್ಟಿ ದಾಟಬೇಕು. ಹಬ್ಬಕ್ಕೆ ಹಳ್ಳಿಗೆ ಹೋಗಬೇಕು. ಭೀಮಸಮುದ್ರದ ಕಡೆ ಅದಿರಿನ ಲಾರಿ ಓಡಾಡುವ ರಸ್ತೆಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಅಲ್ಲಿನ ಗುಂಡಿಗಳ ಅಂಚು ಚೂಪಾಗಿರುತ್ತದೆ, ಮಳೆಗಾಲದಲ್ಲಿ ನೀರು ನಿಂತು ಆಳವೂ ತಿಳಿಯುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರ. ಈ ಎರಡು ಜಿಲ್ಲೆಗಳಲ್ಲಿ ದಿನಾ ಓಡಿಸುವ ಸಣ್ಣ ಕಾರಿಗೆ ಗೋಡೆ 100 ಮಿ.ಮೀ.ಗಿಂತ ಕೆಳಗೆ ಇಳಿಯಬಾರದು. ಸ್ವಿಫ್ಟ್ ಲೆಕ್ಕದಲ್ಲಿ ಅದರರ್ಥ ಹದಿನೈದಿಂಚು ಅತ್ಯುತ್ತಮ, ಹದಿನಾರು ಕೊನೆಯ ಗಡಿ. ಹದಿನೇಳು ಚೆಂದ ಕಾಣುತ್ತದೆ, ನಿಜ. ಫೋಟೋಗೆ ಚೆಂದ.

ಒಂದು ವಿನಾಯಿತಿ ಇದೆ. ಎಂಜಿನ್ ರೀಮ್ಯಾಪ್ ಮಾಡಿಸಿ, ಅಂದರೆ ಅದರ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸಿ, ಅದಕ್ಕೆ ತಕ್ಕ ಹಾಗೆ ಮುಂದಿನ ಬ್ರೇಕನ್ನೂ ದೊಡ್ಡದು ಹಾಕಿಸಿದ್ದರೆ ಚಿಕ್ಕ ರಿಮ್ಮಿನೊಳಗೆ ಬ್ರೇಕ್ ಹಿಡಿಯುವ ಕ್ಯಾಲಿಪರ್ ಕೂರುವುದೇ ಇಲ್ಲ. ದೊಡ್ಡ ರಿಮ್ಮು ಹಾಕಲು ಇದು ನಿಜವಾದ ಕಾರಣ. ಆಗಲೂ ಕ್ಯಾಲಿಪರ್ ಕೂರುವ ಅತಿ ಚಿಕ್ಕ ರಿಮ್ಮು ಯಾವುದೋ ಅದನ್ನೇ ಆರಿಸಿ. ವ್ಯಾಸ ಸರಿ ಇದ್ದರೂ ಒಳಗಡೆ ಕಡ್ಡಿಗಳ ಬಾಗು ಕ್ಯಾಲಿಪರಿಗೆ ತಾಗಬಹುದು, ಹಾಗಾಗಿ ಕಾಗದದ ಮೇಲಿನ ಇಂಚು ನಂಬದೆ ಒಂದು ರಿಮ್ಮನ್ನು ಬರಿದಾಗಿ ಹಾಕಿಸಿ ಕೈಯಲ್ಲಿ ತಿರುಗಿಸಿ ನೋಡಬೇಕು.

ಅಗಲ ಜಾಸ್ತಿ ಆದರೆ ಹಿಡಿತ ಜಾಸ್ತಿನಾ

ಅರ್ಧ ನಿಜ. ರಸ್ತೆಗೆ ತಾಗುವ ರಬ್ಬರಿನ ಒಟ್ಟು ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಕಾರಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಟೈರು ಅಗಲ ಮಾಡಿದರೆ ಆ ಜಾಗದ ಆಕಾರ ಬದಲಾಗುತ್ತದೆ. ಮೊದಲು ಉದ್ದುದ್ದ ಇದ್ದದ್ದು ಈಗ ಅಡ್ಡಡ್ಡ ಆಗುತ್ತದೆ. ತಿರುವಿನಲ್ಲಿ ಇದರಿಂದ ಅನುಕೂಲ ಇದೆ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ. ಆದರೆ ಒಣ ರಸ್ತೆಯ ಹಿಡಿತಕ್ಕೆ ಅಗಲಕ್ಕಿಂತ ರಬ್ಬರಿನ ಗುಣ ದೊಡ್ಡದು. ಅಗ್ಗದ 205ಕ್ಕಿಂತ ಒಳ್ಳೆ ಕಂಪನಿಯ 185 ಎಷ್ಟೋ ಮೇಲು, ವಿಶೇಷವಾಗಿ ಬ್ರೇಕ್ ಒತ್ತಿದಾಗ.

ನೀರು ನಿಂತ ರಸ್ತೆಯಲ್ಲಿ ಅಗಲ ಟೈರಿನದ್ದು ಉಲ್ಟಾ ಕತೆ. ಮುಂದಿರುವ ನೀರನ್ನು ಪಕ್ಕಕ್ಕೆ ತಳ್ಳಿದರೆ ತಾನೇ ರಬ್ಬರ್ ಡಾಂಬರಿಗೆ ತಾಗುವುದು? ಟೈರು ಅಗಲವಾದಷ್ಟೂ ತಳ್ಳಬೇಕಾದ ನೀರು ಜಾಸ್ತಿ. ಅದಕ್ಕೇ ಕಡಿಮೆ ವೇಗದಲ್ಲೇ ಅದು ನೀರಿನ ಮೇಲೆ ತೇಲಲು ಶುರುವಾಗುತ್ತದೆ. ಗಾಡಿ ತೇಲಿದಾಗ ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರ ಆಗುತ್ತದೆ, ಅದೇ ಗುರುತು. ಹಾಗೆ ಆದರೆ ಬ್ರೇಕ್ ಒದೆಯಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ ಸಾಕು.

ನಮ್ಮಲ್ಲಿ ಇನ್ನೊಂದಿದೆ, ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಸುಗ್ಗಿ ಮುಗಿದ ಮೇಲೆ ಮೆಕ್ಕೆಜೋಳ ಒಣಗುವುದು ರಸ್ತೆ ಮೇಲೆ. ಅರ್ಧ ರಸ್ತೆಗೆ ಹಳದಿ ಹಾಸು, ಅಂಚಿಗೆ ಸಾಲಾಗಿ ಕಲ್ಲು. ಗಾಡಿಗಳು ಹೋದ ಹಾಗೆಲ್ಲಾ ಕಾಳು ಈ ಕಡೆಯ ಡಾಂಬರಿಗೂ ಚೆಲ್ಲಿರುತ್ತದೆ. ಅಗಲವಾದ, ಪಟ್ಟೆ ಸವೆದ ಟೈರಿನ ಕೆಳಗೆ ಆ ಕಾಳು ಗೋಲಿಯ ಹಾಗೆ ಉರುಳುತ್ತದೆ. ಟೈರಿನ ಪಟ್ಟೆಯ ಆಳ 1.6 ಮಿ.ಮೀ. ಮುಟ್ಟಿದರೆ ಕಾನೂನಿನ ಲೆಕ್ಕದಲ್ಲೇ ಟೈರಿನ ಆಯಸ್ಸು ಮುಗಿಯಿತು. ಪಟ್ಟೆಗಳ ಸಂದಿಯಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ, ರಬ್ಬರ್ ಆ ದಿಬ್ಬದ ಮಟ್ಟಕ್ಕೆ ಸವೆದಿದೆಯಾ ಅಂತ ಬೆರಳಲ್ಲಿ ಸವರಿದರೇ ತಿಳಿಯುತ್ತದೆ.

ಒಟ್ಟಿನಲ್ಲಿ ಕಂಪನಿ ಕೊಟ್ಟ ಅಗಲಕ್ಕಿಂತ 20 ರಿಂದ 30 ಮಿ.ಮೀ. ಹೆಚ್ಚು ಸಾಕು. ಅದಕ್ಕಿಂತ ಮೇಲೆ ಹೋದರೆ ಮೈಲೇಜ್ ಇಳಿಯುತ್ತದೆ, ಸದ್ದು ಏರುತ್ತದೆ.

ಭಾರದ ನಂಬರು ಮರೆಯಬೇಡಿ

ಅಂಗಡಿಯಲ್ಲಿ ಯಾರೂ ಬಾಯಿಬಿಡದ ವಿಷಯ ಇದು. 85 ಅಂದೆನಲ್ಲ, ಅದರರ್ಥ ಒಂದು ಟೈರು 515 ಕೆ.ಜಿ. ಹೊರಬಲ್ಲದು ಅಂತ. 84 ಅಂದರೆ 500, 87 ಅಂದರೆ 545, 88 ಅಂದರೆ 560 ಕೆ.ಜಿ. ಹೊಸ ಟೈರಿನ ನಂಬರು ಹಳೆಯದಕ್ಕಿಂತ ಕಡಿಮೆ ಇರಬಾರದು, ಇಷ್ಟೇ ನಿಯಮ.

ಈಗ ತಮಾಷೆ ನೋಡಿ. 185/65 ಆರ್15 ಸಾಮಾನ್ಯವಾಗಿ 88ರ ಟೈರು. 195/55 ಆರ್16 ಸಾಮಾನ್ಯವಾಗಿ 87. ಎರಡೂ ಸರಿ. ಆದರೆ ನೋಡಲು ಅಷ್ಟು ದಪ್ಪ ಕಾಣುವ 205/45 ಆರ್17ರ ಮಾಮೂಲಿ ಟೈರು 84. ಅಂದರೆ 165ರ ಬಡಕಲು ಟೈರಿಗಿಂತ ಕಡಿಮೆ ಭಾರ ಹೊರುತ್ತದೆ! ಭಾರ ಹೊರುವುದು ಒಳಗಿನ ಗಾಳಿ, ಗೋಡೆ ಕುಗ್ಗಿದರೆ ಗಾಳಿಗೆ ಜಾಗವೇ ಕಡಿಮೆ. ಅದೇ ಸೈಜ್‌ನಲ್ಲಿ ಎಕ್ಸ್ಎಲ್ ಅಂತ ಬರೆದ ಗಟ್ಟಿ ಟೈರು ತಗೊಂಡರೆ 88 ಸಿಗುತ್ತದೆ. ಆದರೆ ಆ ಪೂರ್ತಿ ಭಾರ ಹೊರಲು ಅದಕ್ಕೆ ಗಾಳಿಯೂ ಜಾಸ್ತಿ ಬೇಕು. ಎಕ್ಸ್ಎಲ್ ಟೈರಿಗೆ ಹಳೇ ಒತ್ತಡವನ್ನೇ ತುಂಬಿಸಿ, ಐದು ಜನ ಕೂತು, ಡಿಕ್ಕಿ ತುಂಬ ಲಗೇಜ್ ಹಾಕಿಕೊಂಡು ಮೇ ತಿಂಗಳ ಮಧ್ಯಾಹ್ನ ಹಿರಿಯೂರಿನ ಕಡೆ ಬಿಟ್ಟರೆ ಟೈರಿನ ಗೋಡೆ ಹೆಚ್ಚು ಬಾಗಿ ಬಾಗಿ ಬಿಸಿಯಾಗುತ್ತದೆ. ಟೈರು ಸಿಡಿಯಲು ದೊಡ್ಡ ಕಾರಣ ಕಡಿಮೆ ಗಾಳಿಯೇ. ಸುಮಾರು ಜನ ಬಿಸಿಲಿಗೆ ಗಾಳಿ ಹಿಗ್ಗುತ್ತದೆ ಅಂತ ಬೇಸಿಗೆಯಲ್ಲಿ ಬೇಕಂತಲೇ ಕಡಿಮೆ ತುಂಬಿಸುತ್ತಾರೆ, ಅದು ಪೂರ್ತಿ ಉಲ್ಟಾ.

ಟಿ ಅಂದರೆ ಗಂಟೆಗೆ 190 ಕಿ.ಮೀ. ತಡೆಯುವ ಟೈರು, ಎಚ್ ಅಂದರೆ 210, ವಿ ಅಂದರೆ 240. ಅಷ್ಟು ವೇಗ ನಮಗೆ ಬೇಡ, ಆದರೂ ಹಳೆಯದಕ್ಕಿಂತ ಕೆಳಗಿನ ಅಕ್ಷರ ತಗೊಳ್ಳಬೇಡಿ.

ರಿಮ್ಮಿನ ಲೆಕ್ಕ ಬೇರೆ

ರಿಮ್ಮಿಗೆ ಇಂಚು ಬಿಟ್ಟು ಇನ್ನೂ ನಾಲ್ಕು ಅಳತೆ ಇವೆ, ಎಲ್ಲರೂ ಕಷ್ಟ ಪಡುವುದು ಆಫ್‌ಸೆಟ್ ಒಂದರಲ್ಲಿ. ಉಳಿದವನ್ನು ಬೇಗ ಮುಗಿಸುತ್ತೇನೆ.

ಪಿಸಿಡಿ ಅಂದರೆ ಬೋಲ್ಟಿನ ತೂತುಗಳು ಕೂತ ವೃತ್ತದ ಅಳತೆ. ಸ್ವಿಫ್ಟಿನದ್ದು 4x100, ಅಂದರೆ ನಾಲ್ಕು ತೂತು, ಎದುರುಬದುರು ತೂತುಗಳ ನಡುವೆ 100 ಮಿ.ಮೀ. ಪೋಲೋದು 5x100. ಕ್ರೆಟಾದು 5x114.3. ಇದರಲ್ಲಿ ಹೆಚ್ಚುಕಮ್ಮಿ ಅನ್ನುವ ಮಾತೇ ಇಲ್ಲ. "ಎರಡು ಮಿಲಿಮೀಟರ್ ತಾನೇ, ಟೈಟ್ ಮಾಡಿದ್ರೆ ಕೂರುತ್ತೆ" ಅಂದವರ ಅಂಗಡಿಯಿಂದ ಹೊರಟುಬಿಡಿ.

ನಡುವಿನ ದೊಡ್ಡ ತೂತಿಗೆ ಸೆಂಟರ್ ಬೋರ್ ಅನ್ನುತ್ತಾರೆ. ಸ್ವಿಫ್ಟ್ ಹಬ್ಬಿನದ್ದು, ಅಂದರೆ ರಿಮ್ಮು ಕೂರುವ ಗುಂಡಗಿನ ಲೋಹದ ಭಾಗದ್ದು, 54.1 ಮಿ.ಮೀ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಎಲ್ಲಾ ಕಾರಿಗೂ ಆಗಲಿ ಅಂತ 67 ಅಥವಾ 73 ಮಿ.ಮೀ. ಕೊರೆದಿರುತ್ತಾರೆ. ನಡುವೆ ಉಳಿದ ಸಂದಿಗೆ ಸರಿಯಾದ ಅಳತೆಯ ರಿಂಗ್ ಹಾಕಿಸಿದರೆ ಚಕ್ರ ನಡುಮಧ್ಯಕ್ಕೆ ಕೂರುತ್ತದೆ. ರಿಂಗ್ ಇಲ್ಲದಿದ್ದರೆ 80, 90 ದಾಟಿದ ಮೇಲೆ ಸ್ಟೇರಿಂಗ್ ಗಡಗಡ ಅನ್ನುವುದು ಮಾಮೂಲಿ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಅದು ಹೋಗುವುದಿಲ್ಲ, ಯಾಕಂದರೆ ತಪ್ಪಿರುವುದು ತೂಕ ಅಲ್ಲ.

ರಿಮ್ಮಿನ ಅಗಲವನ್ನು 5.5ಜೆ, 6ಜೆ, 7ಜೆ ಅಂತ ಬರೆಯುತ್ತಾರೆ, ಅದೂ ಇಂಚೇ. 185/65ಕ್ಕೆ 5ರಿಂದ 6.5, 195/55ಕ್ಕೆ 5.5ರಿಂದ 7 ನಡೆಯುತ್ತದೆ. ಅಗಲ ರಿಮ್ಮಿಗೆ ಸಣ್ಣ ಟೈರನ್ನು ಎಳೆದು ಕೂರಿಸುವ ಫ್ಯಾಷನ್ ಒಂದಿದೆ. ಗುಂಡಿಗೆ ಬಡಿದಾಗ ಟೈರಿನ ಅಂಚು ರಿಮ್ಮಿನಿಂದ ಜಾರಿ ಒಂದೇ ಸಲಕ್ಕೆ ಗಾಳಿ ಹೋಗಬಹುದು. ಶೋಗೆ ನಿಲ್ಲಿಸುವ ಕಾರಿಗೆ ಇರಲಿ, ರಸ್ತೆಗೆ ಬೇಡ.

ಇನ್ನು ಆಫ್‌ಸೆಟ್. ರಿಮ್ಮಿನ ಒಳಮುಖದಲ್ಲಿ ಇಟಿ 45, ಇಟಿ 38 ಅಂತ ಅಚ್ಚು ಹೊಡೆದಿರುತ್ತಾರೆ. ರಿಮ್ಮನ್ನು ಅಗಲದಲ್ಲಿ ಸರಿಯಾಗಿ ಅರ್ಧಕ್ಕೆ ಸೀಳಿದ ಹಾಗೆ ಒಂದು ಗೆರೆ ಎಳೆದುಕೊಳ್ಳಿ. ಹಬ್ಬಿಗೆ ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಡೆ ಇದೆ ಅನ್ನುವುದೇ ಇಟಿ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಆಚೆ ಚಾಚುತ್ತದೆ, ಜಾಸ್ತಿಯಾದಷ್ಟೂ ಒಳಗೆ ಹೋಗುತ್ತದೆ.

ಉದಾಹರಣೆಗೆ ನಿಮ್ಮ ಈಗಿನ ರಿಮ್ಮು 5.5ಜೆ, ಇಟಿ 45 ಅಂತ ಇಟ್ಟುಕೊಳ್ಳಿ. ಅಂಗಡಿಯಲ್ಲಿ ತೋರಿಸಿದ್ದು 7ಜೆ, ಇಟಿ 38. ಅಗಲ ಒಂದೂವರೆ ಇಂಚು ಹೆಚ್ಚಾಯಿತು, ಅಂದರೆ 38 ಮಿ.ಮೀ. ಅದು ಎರಡೂ ಕಡೆ ಅರ್ಧರ್ಧ, 19 ಹೊರಗೆ, 19 ಒಳಗೆ. ಇಟಿ 7 ಕಡಿಮೆಯಾದ್ದರಿಂದ ಪೂರ್ತಿ ರಿಮ್ಮು 7 ಮಿ.ಮೀ. ಆಚೆ ಸರಿಯಿತು. ಹಾಗಾಗಿ ಹೊರಗಡೆ 26 ಮಿ.ಮೀ. ಚಾಚುತ್ತದೆ, ಒಳಗಡೆ 12 ಮಿ.ಮೀ. ನುಗ್ಗುತ್ತದೆ. ಈಗ ಟೇಪ್ ಹಿಡಿದು ಫೆಂಡರಿನ ಅಂಚಿಂದ 26 ಮಿ.ಮೀ. ಜಾಗ ಇದೆಯಾ, ಒಳಗೆ ಶಾಕ್ ಅಬ್ಸಾರ್ಬರಿನ ಹತ್ತಿರ 12 ಮಿ.ಮೀ. ಜಾಗ ಇದೆಯಾ ನೋಡಿ. ಕೂರುತ್ತಾ ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ.

ಜಾಗ ಇದ್ದ ಮಾತ್ರಕ್ಕೆ ಸರಿ ಅಂತಲೂ ಅಲ್ಲ. ಚಕ್ರ ಆಚೆ ಸರಿದಷ್ಟೂ ಬೇರಿಂಗಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ತುಂಬಿದ ಬಕೆಟ್ಟನ್ನು ಮೈಗೆ ಹತ್ತಿರ ಹಿಡಿದುಕೊಂಡು ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸ ಅದು, ಭುಜಕ್ಕೆ ಗೊತ್ತಾಗುತ್ತದೆ. ಸ್ಟೇರಿಂಗ್ ಕೂಡ ಸಣ್ಣ ಗುಂಡಿಗೂ ಪಕ್ಕಕ್ಕೆ ಎಳೆಯಲು ಶುರು ಮಾಡುತ್ತದೆ. ಹಬ್ಬಿಗೂ ರಿಮ್ಮಿಗೂ ನಡುವೆ ಲೋಹದ ಬಿಲ್ಲೆ, ಅಂದರೆ ಸ್ಪೇಸರ್ ಹಾಕಿಸಿದರೂ ಪರಿಣಾಮ ಇದೇ. ಅಗ್ಗದ ಸ್ಪೇಸರ್ ಆದರೆ ನಟ್ಟಿಗೆ ಹಿಡಿತವೂ ಕಡಿಮೆ ಆಗುತ್ತದೆ. ಮೂಲ ಇಟಿಯಿಂದ ಐದರಿಂದ ಹತ್ತು ಮಿ.ಮೀ. ಒಳಗೇ ಇರಿ.

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದವರಿಗೆ ಈ ಲೆಕ್ಕದಲ್ಲಿ ಸಡಿಲ ಇಲ್ಲವೇ ಇಲ್ಲ. ನಿಂತ ಕಾರಲ್ಲಿ ಕಾಣುವ ಸಂದಿ ಲೆಕ್ಕಕ್ಕಿಲ್ಲ, ಹಂಪ್ಸ್ ಹತ್ತಿ ಇಳಿದಾಗ ಸ್ಪ್ರಿಂಗ್ ಕುಗ್ಗಿ ಉಳಿಯುವ ಸಂದಿ ಲೆಕ್ಕ. ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಫೆಂಡರಿನ ಒಳ ಅಂಚಿಗೂ ಒಳಗಿನ ಪ್ಲಾಸ್ಟಿಕ್ಕಿಗೂ ದಪ್ಪಗೆ ಸೀಮೆಸುಣ್ಣ ಬಳಿಯಿರಿ. ಹಿಂದೆ ಮೂರು ಜನ ದಪ್ಪನೆಯ ಗೆಳೆಯರನ್ನು ಕೂರಿಸಿಕೊಳ್ಳಿ, ಒಂದು ತಟ್ಟೆ ಇಡ್ಲಿ ಕೊಡಿಸಿದರೆ ಬರುತ್ತಾರೆ. ಒಂದೆರಡು ಹಂಪ್ಸ್ ದಾಟಿ, ಖಾಲಿ ಜಾಗದಲ್ಲಿ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಸುತ್ತು ಹಾಕಿ. ಟೈರಿನ ಮೇಲೆ ಬಿಳಿ ಬಂದಿದ್ದರೆ ಅಲ್ಲಿ ತಾಗುತ್ತಿದೆ. ಅಂಗಡಿಯಿಂದ ಹಣ ಕೊಟ್ಟು ಹೊರಡುವ ಮುಂಚೆಯೇ ಇದನ್ನು ಮಾಡಿ.

ತೂಕ, ಗುರುತು, ಕಾನೂನು

ರಿಮ್ಮಿನ ತೂಕ ಕೇಳಿ. ಅಲಾಯ್ ಅಂದ ತಕ್ಷಣ ಹಗುರ ಅಂತಲ್ಲ. ಅಗ್ಗದ ಹದಿನೇಳಿಂಚಿನ ಅಲಾಯ್ ಕಂಪನಿಯ ಹದಿನಾಲ್ಕಿಂಚಿನ ಕಬ್ಬಿಣದ ಡಿಸ್ಕ್ ರಿಮ್ಮಿಗಿಂತ ಭಾರ ಇರುವುದು ಅಪರೂಪ ಏನಲ್ಲ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಇಡಿ, ಮುಜುಗರ ಬೇಡ. ಚಕ್ರದಲ್ಲಿ ಸೇರುವ ತೂಕ ಸೀಟಿನ ಮೇಲೆ ಸೇರುವ ತೂಕದ ಹಾಗಲ್ಲ. ಅದನ್ನು ತಿರುಗಿಸಬೇಕು, ತಿರುಗುವುದನ್ನು ನಿಲ್ಲಿಸಬೇಕು, ಗುಂಡಿಯಲ್ಲಿ ಮೇಲೆ ಕೆಳಗೆ ಕುಣಿಯುವಾಗ ಸ್ಪ್ರಿಂಗ್ ಅದನ್ನು ಹಿಡಿದಿಡಬೇಕು. ರೀಮ್ಯಾಪ್‌ಗೆ ಸಾವಿರಾರು ರೂಪಾಯಿ ಸುರಿದು ಪಡೆದ ಎಳೆತವನ್ನು ನಾಲ್ಕು ಭಾರದ ರಿಮ್ಮು ತಿಂದು ಹಾಕುತ್ತವೆ.

ಸೆಕೆಂಡ್ಸ್ ರಿಮ್ಮು ಕೊಳ್ಳುವವರು ಹೊಳೆಯುವ ಮುಖ ಬಿಟ್ಟು ಒಳಗಡೆ ನೋಡಿ. ಬೆಂಡ್ ತೆಗೆಸಿದ ಗುರುತು, ವೆಲ್ಡಿಂಗ್ ಮಾಡಿ ಬಣ್ಣ ಹೊಡೆದ ಗೆರೆ ಎಲ್ಲಾ ಇರುವುದು ಒಳಗೆ. ವೆಲ್ಡಿಂಗ್ ಕಂಡರೆ ಬಿಟ್ಟಿ ಕೊಟ್ಟರೂ ಬೇಡ. ಜೆಡಬ್ಲ್ಯುಎಲ್ ಅಂತ ಅಚ್ಚು ಇದ್ದರೆ ಅದು ಜಪಾನಿನ ಅಲಾಯ್ ಮಾನದಂಡದ ಗುರುತು, ಅಚ್ಚನ್ನು ಯಾರು ಬೇಕಾದರೂ ಹೊಡೆಯಬಹುದು ಅನ್ನುವ ಅನುಮಾನವೂ ಇರಲಿ. ಟೈರಿನಲ್ಲಿ ಐಎಸ್ಐ ಗುರುತು ಮತ್ತು ತಯಾರಾದ ದಿನಾಂಕ ನೋಡಿ. ಅಂಡಾಕಾರದ ಚೌಕಟ್ಟಿನಲ್ಲಿ 2324 ಅಂತ ಇದ್ದರೆ 2024ರ 23ನೇ ವಾರ ಅಂತ ಅರ್ಥ.

ಕಾನೂನಿನ ಮಾತೂ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅನ್ನುವುದೂ ಸೇರಿತು. ಹಾಗಾಗಿ ಎಲ್ಲಕ್ಕಿಂತ ಗಟ್ಟಿ ದಾರಿ ಅಂದರೆ ನಿಮ್ಮದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿ ಕೊಡುವ ಸೈಜ್. ನಾವು ನೋಡಿದ 185/65 ಆರ್15 ಅಂಥದ್ದು. ಫೆಂಡರಿನಿಂದ ಆಚೆ ಚಾಚಿದ ಟೈರು ದೂರದಿಂದಲೇ ಪೊಲೀಸರ ಕಣ್ಣಿಗೆ ಬೀಳುತ್ತದೆ. ಮೂಲ ಬಿಟ್ಟು ಬೇರೆ ಏನೇ ಹಾಕಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕ್ಲೇಮ್ ಹೊತ್ತಿಗೆ ಸರ್ವೇಯರ್ ಮೊದಲು ಫೋಟೋ ತೆಗೆಯುವುದು ಅದನ್ನೇ.

ಹಾಕಿಸುವ ದಿನ

ನಟ್ಟು ಬೋಲ್ಟು ಚಿಕ್ಕ ವಿಷಯ ಅಲ್ಲ. ಮಾರುತಿಯದ್ದು 12 ಮಿ.ಮೀ. ದಪ್ಪ, 1.25 ಮರೆ (ಥ್ರೆಡ್). ಹೋಂಡಾ, ಹ್ಯುಂಡೈ ಅದೇ 12, ಆದರೆ ಮರೆ 1.5. ಎರಡು ಸುತ್ತು ಕೈಯಲ್ಲಿ ಹೋಗಿ ಬಿಗಿಯಾದ ನಟ್ಟನ್ನು ಏರ್ ಗನ್ ಹಾಕಿ ನುಗ್ಗಿಸಿದರೆ ಮರೆ ಕೆಟ್ಟಿತು ಅಂತಲೇ ಲೆಕ್ಕ. ನಟ್ಟಿನ ಕುಂಡಿಯ ಆಕಾರವೂ ರಿಮ್ಮಿನ ತೂತಿಗೆ ಹೊಂದಬೇಕು. ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಶಂಕುವಿನ ಹಾಗೆ ಚೂಪಾದದ್ದು ಬೇಕು, ಫೋಕ್ಸ್‌ವ್ಯಾಗನ್‌ ಕಾರಿನ ಮೂಲ ಬೋಲ್ಟು ಗುಂಡಗಿರುತ್ತದೆ. ಒಂದಕ್ಕೊಂದು ಹೊಂದದಿದ್ದರೆ ಬಿಗಿ ಮಾಡಿದ ಹಾಗೆ ಕಾಣುತ್ತದೆ, ಬಿಗಿ ಆಗಿರುವುದಿಲ್ಲ. ಮೊದಲು ಕೈಯಲ್ಲಿ, ಆಮೇಲೆ ಎದುರುಬದುರು ನಟ್ಟಿನ ಸಾಲಿನಲ್ಲಿ ಪಾನದಲ್ಲಿ (ಸ್ಪ್ಯಾನರ್), ಕೊನೆಗೆ ಕಾರಿನ ಪುಸ್ತಕದಲ್ಲಿ ಬರೆದಷ್ಟು ಬಿಗಿಯ ಅಳತೆಗೆ, ಅಂದರೆ ಟಾರ್ಕ್‌ಗೆ. ಐವತ್ತು, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ. ದಾವಣಗೆರೆಯಲ್ಲಿ ಹಾಕಿಸಿ ಚಿತ್ರದುರ್ಗಕ್ಕೆ ಹೋಗುವವರು ಊರು ಮುಟ್ಟಿದ ಮೇಲೆ ಚಕ್ರ ತಣ್ಣಗಾಗಲು ಬಿಟ್ಟು ನೋಡಿಸಿದರೆ ಸರಿಹೋಗುತ್ತದೆ.

ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ನೋಡಿ. ಸುಮಾರು ಐದಾರು ಡಿಗ್ರಿ ಬಿಸಿ ಏರಿದರೆ ಗಾಳಿಯ ಒತ್ತಡ ಒಂದು ಪಿಎಸ್ಐ ಏರುತ್ತದೆ, ಬಿಸಿ ಟೈರಲ್ಲಿ ಜಾಸ್ತಿ ಕಂಡಿತು ಅಂತ ಗಾಳಿ ಬಿಡಬೇಡಿ. ನೈಟ್ರೋಜನ್ ಹಾಕಿಸಿದರೆ ತಪ್ಪೇನಿಲ್ಲ, ಆದರೆ ಬಿಟ್ಟಿ ಗಾಳಿಯಲ್ಲೂ 78 ಭಾಗ ಅದೇ ಇದೆ.

ಕೊನೆಗೆ ಸ್ಟೆಪ್ನಿ. ನಾಲ್ಕು ಅಲಾಯ್ ಕೊಂಡವರು ಐದನೆಯದನ್ನು ಕೊಳ್ಳುವುದಿಲ್ಲ, ಡಿಕ್ಕಿಯಲ್ಲಿ ಹಳೇ ಹದಿನಾಲ್ಕಿಂಚಿನ ಡಿಸ್ಕೇ ಇರುತ್ತದೆ. ಒಟ್ಟು ಎತ್ತರ ಕಾಯ್ದುಕೊಂಡಿದ್ದರೆ ಪಂಕ್ಚರ್ ಆದ ದಿನ ಅದನ್ನೇ ಹಾಕಿಕೊಂಡು ನಿಧಾನಕ್ಕೆ ಮನೆ ಮುಟ್ಟಬಹುದು, 619ಕ್ಕೂ 621ಕ್ಕೂ ಎಂಥ ವ್ಯತ್ಯಾಸ. 647ರ ಟೈರು ಹಾಕಿಸಿದವರಿಗೆ ಆ ಅನುಕೂಲ ಇಲ್ಲ. ಒಂದೇ ಆಕ್ಸಲ್‌ನ ಎರಡು ಚಕ್ರ ಬೇರೆ ಬೇರೆ ಎತ್ತರ ಆದರೆ ಕಾರು ಒಂದು ಕಡೆ ಎಳೆಯುತ್ತದೆ, ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ದೀಪವೂ ಹತ್ತಬಹುದು. ಹಾಗೆಯೇ ಅಲಾಯ್‌ಗೆ ಕೊಟ್ಟ ಹೊಸ ನಟ್ಟು ಹಳೇ ಕಬ್ಬಿಣದ ಡಿಸ್ಕ್‌ಗೆ ಹೊಂದುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಒಂದು ಚಕ್ರಕ್ಕೆ ಬೇಕಾದಷ್ಟು ಹಳೇ ನಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಜಾಕಿನ ಪಕ್ಕದಲ್ಲೇ ಇಟ್ಟುಕೊಳ್ಳಿ.